ಅಕ್ಕ ತಂದ ಬೆಕ್ಕು

ಗದಗ ಜಿಲ್ಲೆಯಾದ ಮರುವರ್ಷ, ಮಿರಗದ ಮಳೆ ಬಿದ್ದ ಮೂರನೆಯ ದಿನ, ಮುಳಗುಂದದ ಕಡೆಯಿಂದ ಸ್ಕೂಟರ್ ಮೇಲೆ ಬರುತ್ತಿದ್ದ ನಾನು ಎರೆಮಣ್ಣಿನಲ್ಲಿ ಜಾರಿ ಬಿದ್ದು ಎಡಗಾಲು ಮುರಿದುಕೊಂಡೆ. ತಪ್ಪು ನನ್ನದೇ. ಪರಿಚಯದವರೊಬ್ಬರ ಮನೆಯಲ್ಲಿ ಊಟ ಮುಗಿಸಿ, ಮೋಡ ನೋಡಿ ಅವಸರ ಮಾಡಿ, ಡಾಂಬರು ರಸ್ತೆ ಬಿಟ್ಟು ಹೊಲದ ದಾರಿ ಹಿಡಿದಿದ್ದೆ. ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದಿದ್ದವು. ಡಾಕ್ಟರು ತೊಡೆಯಿಂದ ಬೆರಳಿನ ತನಕ ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ನೆಲಕ್ಕೆ ತಾಗಿಸಬೇಡಿ, ಆಮೇಲೆ ನೋಡೋಣ ಎಂದರು.

ಅದಕ್ಕೂ ಮೊದಲು ನಾನು ಎಷ್ಟೋ ವರ್ಷ ಧಾರವಾಡಕ್ಕೆ ರೈಲಿನಲ್ಲಿ ಹೋಗಿ ಬಂದು ನೌಕರಿ ಮಾಡಿದವನು. ಬೆಳಗಾಗುವ ಮೊದಲೇ ಮನೆ ಬಿಟ್ಟರೆ ಬರುವುದು ದೀಪ ಹಚ್ಚಿದ ಮೇಲೆ. ಹೊಸ ಜಿಲ್ಲೆಯಾಗಿ ನನಗೆ ಗದಗಿಗೇ ವರ್ಗವಾದಾಗ, ಬೆಟಗೇರಿಯ ನಮ್ಮ ಮನೆಯಿಂದ ಕಚೇರಿಗೆ ಹತ್ತೇ ನಿಮಿಷದ ದಾರಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಇನ್ನು ಮೇಲೆ ಮನೆಯಲ್ಲಿ ಇರುತ್ತೇನೆ ಎಂದು ಹೆಂಡತಿಗೂ ಹೇಳಿದ್ದೆ. ಇರುವಂತಾಯಿತು, ಮಂಚದ ಮೇಲೆ.

ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಅದಕ್ಕೂ ಹಿಂದೆ ಅಡುಗೆಮನೆ. ಪಡಸಾಲೆಯ ಎಡಕ್ಕೆ ಒಂದು ಖೋಲಿ. ಅದಕ್ಕೆ ಒಂದೇ ಬಾಗಿಲು. ಓಣಿಯ ಕಡೆ ಸರಳು ಹಾಕಿದ ಅಂಗೈ ಅಗಲದ ಕಿಟಕಿ, ಮೇಲೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಗಳು ಮದುವೆಯಾಗಿ ಮುಂಡರಗಿಗೆ ಹೋಗುವ ತನಕ ಅದು ಅವಳ ಓದುವ ಖೋಲಿ. ನನ್ನ ಮಂಚವನ್ನು ಅಲ್ಲಿ ಹಾಕಿದರು. ಪಡಸಾಲೆಯಲ್ಲಿ ಬಂದು ಹೋಗುವವರ ಕಣ್ಣೆದುರು ಮೂತ್ರದ ಬಾಟಲಿ ಹಿಡಿದು ಮಲಗುವುದು ನನಗೇ ಬೇಡವಾಗಿತ್ತು.

ಮಲಗಿದರೆ ಕಾಣುವುದು ಮಾಳಿಗೆಯ ತೊಲೆಗಳು. ಒಂಬತ್ತು ತೊಲೆ. ಕೇಳುವುದು ಆಚೆ ಮನೆಯ ಮಗ್ಗದ ಸಪ್ಪಳ. ಬೆಳಗ್ಗೆ ಶುರುವಾದರೆ ಮಧ್ಯಾಹ್ನದ ಊಟಕ್ಕೆ ಒಮ್ಮೆ ನಿಲ್ಲುತ್ತಿತ್ತು, ಮತ್ತೆ ಸಂಜೆಯ ತನಕ. ಹುಟ್ಟಿದಾಗಿನಿಂದ ಕೇಳಿದ ಸಪ್ಪಳವೇ. ಆದರೆ ಎದ್ದು ಹೋಗಲಾರದವನಿಗೆ ಅದು ಬೇರೆಯಾಗಿಯೇ ಕೇಳುತ್ತದೆ ಎಂದು ಆಗ ತಿಳಿಯಿತು.

ನಾನು ಬಿದ್ದ ಹತ್ತನೆಯ ದಿನ ಶಿರಹಟ್ಟಿಯಿಂದ ಅಕ್ಕ ಬಂದಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡು ಹದಿನೈದು ವರ್ಷವಾಗಿದ್ದರೂ ಶಿರಹಟ್ಟಿಯಲ್ಲಿ ಮೈದುನನ ಕುಟುಂಬದ ಜೊತೆ, ಹಿತ್ತಲ ಕಡೆಯ ಒಂದು ಖೋಲಿಯಲ್ಲಿ ಇದ್ದಳು. ಹಬ್ಬಕ್ಕೆ ಕರೆದರೆ ಬರುತ್ತಿದ್ದಳು, ಎರಡನೆಯ ದಿನಕ್ಕೆ ಹೊರಡುತ್ತಿದ್ದಳು. ಹಾಗಾಗಿ ಅವಳು ಕೈಯಲ್ಲಿ ದೊಡ್ಡ ಚೀಲ, ಕಂಕುಳಲ್ಲಿ ಬಟ್ಟೆ ಕಟ್ಟಿದ ಬಿದಿರಿನ ಬುಟ್ಟಿ ಹಿಡಿದು ಆಟೋದಿಂದ ಇಳಿದದ್ದು ನನಗೆ ಕಿಟಕಿಯಿಂದ ಕಂಡಾಗ, ಕಾಲು ಮುರಿದ ತಮ್ಮನಿಗೆ ಹಣ್ಣು ಹಂಪಲು ತಂದಿರಬೇಕು ಎಂದುಕೊಂಡೆ.

ಬುಟ್ಟಿಯೊಳಗೆ ಬೆಕ್ಕಿತ್ತು.

ಒಂದು ತಿಂಗಳು ಇದ್ದು ನನ್ನ ಆರೈಕೆ ಮಾಡಿ ಹೋಗುವುದಾಗಿ ಅಕ್ಕ ಹೇಳಿದಳು. ಬೆಕ್ಕನ್ನು ಬಿಟ್ಟು ಬಂದರೆ ಅಲ್ಲಿ ಯಾರೂ ಹಾಲು ಹಾಕುವುದಿಲ್ಲ, ಅದಕ್ಕೇ ತಂದೆ ಎಂದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದು ಕೂಗಿ, ಎಲ್ಲರೂ ತಿರುಗಿ ತಿರುಗಿ ನೋಡಿ, ತನಗೆ ನಾಚಿಕೆಯಾಯಿತಂತೆ. ಹೆಂಡತಿ ನೀರು ಕೊಟ್ಟಳು, ಚಹಾ ಮಾಡಿದಳು. ಬೆಕ್ಕಿನ ಬಗ್ಗೆ ಏನೂ ಅನ್ನಲಿಲ್ಲ.

ನಮ್ಮ ಮನೆಯಲ್ಲಿ ಆಗಲೇ ಎರಡು ಬೆಕ್ಕಿದ್ದವು. ಮಗಳು ಓಣಿಯಿಂದ ತಂದು ಸಾಕಿದವು. ಒಂದು ಕೆಂಚು ಬಣ್ಣದ ದೊಡ್ಡ ಗಂಡುಬೆಕ್ಕು, ಇನ್ನೊಂದು ಮೈಮೇಲೆ ಬೂದು ಪಟ್ಟಿಗಳಿದ್ದ ಹೆಣ್ಣು. ಮಗಳು ಗಂಡನ ಮನೆಗೆ ಹೋದ ಮೇಲೆ ಅವು ನನ್ನ ಹೆಂಡತಿಯವಾದವು. ವಾರಕ್ಕೊಮ್ಮೆ ಆಚೆ ಮನೆಯ ಫೋನಿಗೆ ಮುಂಡರಗಿಯಿಂದ ಕರೆ ಬಂದಾಗ ಮಗಳು ಮೊದಲು ಕೇಳುತ್ತಿದ್ದುದು ಬೆಕ್ಕುಗಳ ಸುದ್ದಿ. ಬೆಕ್ಕುಗಳ ಬಗ್ಗೆ ಹೇಳುತ್ತಾ ಹೇಳುತ್ತಾ ತಾಯಿ-ಮಗಳು ಉಳಿದ ಮಾತಿಗೆ ಬರುತ್ತಿದ್ದರು. ಅವು ಇಲಿ ಹಿಡಿಯುವುದರಲ್ಲಿಯೂ ಜೋರು. ಆಚೆ ಮನೆಯ ನೇಕಾರರು ತಮ್ಮ ಗಂಜಿ ಹಾಕಿದ ನೂಲು ಉಳಿದದ್ದು ನಮ್ಮ ಬೆಕ್ಕಿನಿಂದ ಎಂದು ಹೇಳುತ್ತಿದ್ದರು.

ಅಕ್ಕ ಪಡಸಾಲೆಯಲ್ಲಿ ಕುಳಿತು ಬುಟ್ಟಿಯ ಬಟ್ಟೆ ಬಿಚ್ಚಿದಳು. ಬಿಳಿಯ ಬೆಕ್ಕು, ಒಂದು ಕಿವಿ ಮಾತ್ರ ಬೂದು. ಎಂಟು ವರ್ಷದ್ದು. ಹುಟ್ಟಿದ ಮೇಲೆ ಆ ಹಿತ್ತಲ ಖೋಲಿಯನ್ನು ಬಿಟ್ಟು ಬೇರೆ ಲೋಕ ಕಂಡದ್ದಲ್ಲ. ಅದು ತಲೆ ಹೊರಗೆ ಹಾಕುವುದಕ್ಕೂ ಕೆಂಚು ಬೆಕ್ಕು ನಡುಮನೆಯ ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ನಾನು ಮಲಗಿದಲ್ಲಿಂದ ಬಾಗಿಲಿನಷ್ಟೇ ಅಗಲ ಪಡಸಾಲೆ ಕಾಣುತ್ತಿತ್ತು. ಕೆಂಚು ಬೆಕ್ಕಿನ ಬೆನ್ನು ಕಮಾನಾದದ್ದು ಕಂಡೆ, ಬುಟ್ಟಿ ಉರುಳಿದ್ದು ಕಂಡೆ. ಮರುಗಳಿಗೆ ಬಿಳಿಯದು ನನ್ನ ಖೋಲಿಗೆ ನುಗ್ಗಿ ಮಂಚದ ಕೆಳಗೆ, ಗೋಡೆಯ ಮೂಲೆಗೆ ಸೇರಿಕೊಂಡಿತು. ಅದರ ಹಿಂದೆಯೇ ಬಂದ ಕೆಂಚನ್ನು ಹೆಂಡತಿ ಎರಡೂ ಕೈಯಿಂದ ಎತ್ತಿಕೊಂಡು ಹೋದಳು. ಅಕ್ಕ ಬಾಗಿಲು ಎಳೆದುಕೊಂಡಳು.

ಹಾಗೆ ನಿರ್ಧಾರವಾಯಿತು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಬಿಳಿ ಬೆಕ್ಕು ನನ್ನ ಖೋಲಿಯಲ್ಲಿ, ನಮ್ಮ ಬೆಕ್ಕುಗಳು ಉಳಿದ ಮನೆಯಲ್ಲಿ. ಬಾಗಿಲು ಹಳೆಯದು, ಬರೇ ಮುಚ್ಚಿದರೆ ಕೆಂಚು ಬೆಕ್ಕು ಪಂಜ ಹಾಕಿ ತೆರೆಯುತ್ತಿತ್ತು. ಆದ್ದರಿಂದ ಹೊರಗಿನಿಂದ ಚಿಲಕ.

ಮೊದಲ ಸಲ ಆ ಚಿಲಕ ಬಿದ್ದ ಸಪ್ಪಳ ಕೇಳಿತು. ಬಾಗಿಲು ತೆರೆದಿದ್ದರೂ ನಾನೇನು ಎದ್ದು ಹೋಗುತ್ತಿರಲಿಲ್ಲ. ಅದು ಗೊತ್ತಿದ್ದರೂ ಕೂಗಿ ಕರೆದೆ, ಸುಮ್ಮನೆ. ಹೆಂಡತಿ ಬಂದು ಚಿಲಕ ತೆಗೆದು ಏನು ಬೇಕು ಎಂದು ಕೇಳಿದಳು. ನೀರು ಎಂದೆ. ನೀರಿನ ತಂಬಿಗೆ ನನ್ನ ತಲೆಯ ಹತ್ತಿರವೇ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಲೋಟಕ್ಕೆ ಬಗ್ಗಿಸಿ ಕೊಟ್ಟು ಹೋದಳು. ಮತ್ತೆ ಚಿಲಕ.

ಮೊದಲ ಒಂದು ವಾರ ನಾನು ಆ ಬೆಕ್ಕನ್ನು ಕಾಣಲಿಲ್ಲ. ಮಂಚದ ಕೆಳಗಿನಿಂದ ಅದರ ಉಸಿರು ಮಾತ್ರ ಕೇಳುತ್ತಿತ್ತು. ಅಕ್ಕ ಒಂದು ತಗಡಿನ ತಾಟಿನಲ್ಲಿ ಬೂದಿ ತುಂಬಿ ಮೂಲೆಯಲ್ಲಿ ಇಟ್ಟಿದ್ದಳು, ಹಾಲಿನ ಬಟ್ಟಲನ್ನು ಮಂಚದ ಕೆಳಗೇ ಸರಿಸುತ್ತಿದ್ದಳು. ಹಾಲು ಹಾಗೆಯೇ ಕೆನೆಗಟ್ಟಿ ಹೊರಗೆ ಬರುತ್ತಿತ್ತು. ಮಳೆಗಾಲವೆಂದು ಬೆಳಕಿಂಡಿಯ ಮೇಲೆ ತಗಡು ಮುಚ್ಚಿದ್ದರು. ಆರನೆಯ ದಿನಕ್ಕೆ ಆ ಖೋಲಿಯ ವಾಸನೆ ಹೇಳತೀರದು. ಬೂದಿಯದು, ಹಾಲಿನದು, ಬೆಕ್ಕಿನದು, ಪ್ಲಾಸ್ಟರಿನೊಳಗೆ ಬೆವೆತ ಕಾಲಿನದು. ನೋಡಲು ಬಂದವರು ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗತೊಡಗಿದರು. ಕೆಲವರು ಬೆಕ್ಕಿನ ವಿಷಯ ತಿಳಿದು ಒಳಗೂ ಬರಲಿಲ್ಲ, ಬಾಗಿಲು ತೆರೆದರೆ ಎಲ್ಲಿ ಗದ್ದಲವಾಗುತ್ತದೋ ಎಂದು ಪಡಸಾಲೆಯಿಂದಲೇ ಗಟ್ಟಿಯಾಗಿ ಕೂಗಿ ನನ್ನ ಕಾಲಿನ ಸಮಾಚಾರ ಕೇಳಿದರು. ನಾನು ಒಳಗಿನಿಂದ ಕೂಗಿ ಉತ್ತರ ಕೊಟ್ಟೆ.

ಬಾಗಿಲಿನ ಆಚೆ ಕೆಂಚು ಬೆಕ್ಕಿನ ಕಾವಲು. ಬಾಗಿಲ ಸಂದಿಯಲ್ಲಿ ಅದರ ಪಂಜ ಒಳಗೆ ಬರುತ್ತಿತ್ತು, ನೆಲ ತಡವುತ್ತಿತ್ತು, ಹೋಗುತ್ತಿತ್ತು. ಪ್ರತಿ ಸಲ ಮಂಚದ ಕೆಳಗಿನ ಉಸಿರು ನಿಂತುಹೋಗುತ್ತಿತ್ತು. ಪಂಜ ಹೋದ ಮೇಲೂ ಎಷ್ಟೋ ಹೊತ್ತು ಅದು ಉಸಿರಾಡುತ್ತಿರಲಿಲ್ಲ. ನಾನೂ ಆಡುತ್ತಿರಲಿಲ್ಲ ಎಂದು ಒಂದು ಮಧ್ಯಾಹ್ನ ಗಮನಕ್ಕೆ ಬಂತು.

ಇಬ್ಬರು ಹೆಂಗಸರು ನೇರವಾಗಿ ಜಗಳವಾಡಲಿಲ್ಲ. ಆಡಿದ್ದರೆ ಸುಲಭವಿತ್ತು. ಮೂರನ್ನೂ ಒಟ್ಟಿಗೆ ಬಿಟ್ಟುಬಿಟ್ಟರೆ ಒಂದು ದಿನ ಬಡಿದಾಡಿ ಸುಮ್ಮನಾಗುತ್ತವೆ ಎಂದು ಹೆಂಡತಿ ನನಗೆ ಹೇಳುವಳು. ಅದು ಮುದಿ ಬೆಕ್ಕು, ಬಡಿದಾಡಿದರೆ ಸಾಯುತ್ತದೆ ಎಂದು ಅಕ್ಕ ನನಗೆ ಹೇಳುವಳು. ಅಕ್ಕನಿಗೆ ಇನ್ನೊಂದು ಉಪಾಯ ಗೊತ್ತಿತ್ತು. ಈ ಬೆಕ್ಕಿನ ಹಾಸಿಗೆ ಆ ಬೆಕ್ಕುಗಳಿಗೆ, ಆ ಬೆಕ್ಕುಗಳ ಹಾಸಿಗೆ ಇದಕ್ಕೆ ಕೊಡಬೇಕು. ಮೊದಲು ವಾಸನೆ ಪರಿಚಯವಾದರೆ ಆಮೇಲೆ ಮುಖ. ಅದನ್ನೂ ಅವಳು ನನ್ನ ಹತ್ತಿರವೇ ಹೇಳಿದಳು. ನಾನು ಹೆಂಡತಿಗೆ ಹೇಳಿದೆ. ನಮ್ಮ ಬೆಕ್ಕುಗಳು ಮಲಗುತ್ತಿದ್ದುದು ಮಗಳ ಹಳೆಯ ಲಂಗವೊಂದರ ಮೇಲೆ. ಅದನ್ನು ಕೊಡುವುದಿಲ್ಲ ಎಂದು ಹೆಂಡತಿ ಹೇಳಿದಳು. ನಾನು ಅಕ್ಕನಿಗೆ, ನೋಡೋಣ ಎಂದೆ. ಹಾಸಿಗೆ ಹಿಡಿದವನ ಕಿವಿಗೆ ಎಲ್ಲರ ಮಾತೂ ಬರುತ್ತದೆ, ಎದ್ದು ಹೊರಗೆ ಹೋಗಿಬಿಡುವ ಅನುಕೂಲ ಮಾತ್ರ ಇರುವುದಿಲ್ಲ. ಮೊದಲು ನಾನು ಎಷ್ಟು ಸಲ ಹಾಗೆ ಹೋಗಿಬಿಡುತ್ತಿದ್ದೆ ಎಂಬುದು ಆಗ ನೆನಪಾಯಿತು. ರೈಲಿನ ಹೊತ್ತಾಯಿತು ಎಂದರೆ ಸಾಕಾಗಿತ್ತು.

ಒಂದು ದಿನ ಹೆಂಡತಿ ಹಸಿ ಬಟ್ಟೆಯಿಂದ ನನ್ನ ಬೆನ್ನು ಒರೆಸುತ್ತಿದ್ದಳು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಒಗೆಯುವ ಸಪ್ಪಳ ಕೇಳುತ್ತಿತ್ತು. ಹೆಂಡತಿ ದನಿ ಏರಿಸದೆ, ಸಿಟ್ಟೂ ಇಲ್ಲದೆ ಕೇಳಿದಳು:

"ತಿಂಗಳಕ್ಕ ಅಂತ ಬಂದವರು ಯಾರರೆ ಬೆಕ್ಕು ತರತಾರೇನ್ರಿ?"

ನನಗೂ ಅದು ಹೊಳೆದಿತ್ತು ಎಂದರೆ ಸುಳ್ಳಾಗುತ್ತದೆ. ಹೊಳೆಯದ ಹಾಗೆ ನೋಡಿಕೊಂಡಿದ್ದೆ. ಅಕ್ಕನ ಚೀಲ ನನ್ನ ಮಂಚದ ಎದುರಿಗೇ, ಗೋಡೆಯ ಗೂಡಿನಲ್ಲಿ ಇತ್ತು. ಅದರಲ್ಲಿ ಚಳಿಗಾಲದ ಶಾಲು ಇತ್ತು, ಭಾವನ ಫೋಟೋ ಇತ್ತು, ಅವಳ ಹಿತ್ತಾಳೆಯ ಪೂಜೆಯ ಗಂಟೆಯೂ ಇತ್ತು. ಅವಳು ಚೀಲ ತೆರೆದಾಗ ಎಲ್ಲವನ್ನೂ ನೋಡಿದ್ದೆ.

"ಕೇಳ್ರಿ ಒಮ್ಮೆ," ಎಂದಳು ಹೆಂಡತಿ. "ನಾ ಕೇಳಿದ್ರ ಬ್ಯಾರೆ ಅರ್ಥ ಆಗತೈತಿ. ನೀವು ತಮ್ಮ."

ಕೇಳುತ್ತೇನೆ ಎಂದೆ. ಕೇಳಲಿಲ್ಲ. ಅಕ್ಕ ದಿನಕ್ಕೆ ಹತ್ತು ಸಲ ಬಂದು ಹೋಗುತ್ತಿದ್ದಳು. ಬಂದಾಗಲೆಲ್ಲ ಬಗ್ಗಿ ಮಂಚದ ಕೆಳಗೆ ನೋಡಿ ಮೆಲ್ಲಗೆ ಮಾತಾಡಿಸುತ್ತಿದ್ದಳು. ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡುತ್ತಿರಲಿಲ್ಲ. ಅವಳು ಹೊರಗೆ ಹೋಗಿ ಚಿಲಕ ಹಾಕಿದ ಮೇಲೆ, ಈ ಸಲವೂ ಕೇಳಲಿಲ್ಲವಲ್ಲ ಎಂದು ತೊಲೆ ನೋಡುತ್ತಾ ಮಲಗುತ್ತಿದ್ದೆ. ಬಾಯಿ ಬಿಟ್ಟು ಕೇಳಿದರೆ ಅವಳು ಉತ್ತರ ಕೊಡುತ್ತಾಳೆ. ಉತ್ತರ ಬಂದರೆ ನಾನು ಏನಾದರೂ ಹೇಳಲೇಬೇಕಾಗುತ್ತದೆ. ಅದೇ ಭಯ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಬಿಳಿ ಬೆಕ್ಕು ಹೊರಗೆ ಬಂತು. ಬಂದು ಖೋಲಿಯ ನಾಲ್ಕೂ ಗೋಡೆ ಮೂಸಿತು. ಆಮೇಲೆ ಮಂಚ ಹತ್ತಿ, ನನ್ನ ಪ್ಲಾಸ್ಟರಿನ ಪಕ್ಕಕ್ಕೆ, ಕಾಲಿಗೆ ತಾಗಿಯೂ ತಾಗದ ಹಾಗೆ ಮಲಗಿತು. ನಾನು ಅಲುಗಾಡಲಿಲ್ಲ. ಅಕ್ಕ ಬಂದು ನೋಡಿ, ಸೆರಗು ಬಾಯಿಗೆ ಹಿಡಿದು ನಿಂತಳು. ಅವಳು ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ನಕ್ಕದ್ದು ಅಂದೇ.

ಆ ವಾರ ಮಳೆ ಬಿಡುವು ಕೊಟ್ಟಿತು. ವಾಸನೆ ತಡೆಯಲಾರದೆ ನಾನೇ ಹೆಂಡತಿಗೆ ಬೆಳಕಿಂಡಿಯ ತಗಡು ಸರಿಸು ಎಂದು ಹೇಳಿದೆ. ಅವಳು ಮಾಳಿಗೆ ಹತ್ತಿ ಸರಿಸಿದಳು. ತಟ್ಟೆಯಗಲ ಆಕಾಶ ಕಂಡಿತು. ಬಿಸಿಲಿನ ಕೋಲೊಂದು ಬೆಳಗ್ಗೆ ಬಾಗಿಲ ಹತ್ತಿರ ಬಿದ್ದು, ಮಧ್ಯಾಹ್ನಕ್ಕೆ ಮಂಚ ಹತ್ತಿ, ಸಂಜೆಗೆ ಗೂಡಿನ ಕಡೆ ಹೋಗುತ್ತಿತ್ತು. ಬಿಳಿ ಬೆಕ್ಕು ಅದರ ಜೊತೆ ಜಾಗ ಬದಲಿಸುತ್ತಿತ್ತು. ಎರಡು ದಿನ ನನಗೆ ಸುಖವೆನಿಸಿತು.

ಮೂರನೆಯ ದಿನ ನಳಕ್ಕೆ ನೀರು ಬಂತು. ನಮ್ಮ ಕಡೆ ನೀರು ಬರುವುದೆಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ವಾರಕ್ಕೊಮ್ಮೆಯೋ, ಹತ್ತು ದಿನಕ್ಕೊಮ್ಮೆಯೋ, ಯಾವ ಹೊತ್ತಿಗೆ ಎಂಬ ಖಾತ್ರಿಯಿಲ್ಲ. ಓಣಿಯಲ್ಲಿ ಯಾರೋ ಕೂಗಿದರು. ಹೆಂಡತಿಯೂ ಅಕ್ಕನೂ ಇದ್ದಬದ್ದ ಕೊಡಪಾನಗಳನ್ನೆಲ್ಲ ಹಿಡಿದು ಓಡಿದರು. ಹೋಗುವ ಮೊದಲು ಅಕ್ಕ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದ ಸಪ್ಪಳ ಕೇಳಿತು.

ಸ್ವಲ್ಪ ಹೊತ್ತಿಗೆ ಬಿಸಿಲಿನ ಕೋಲು ಅಳಿಸಿಹೋಯಿತು. ಮೋಡ ಬಂತೆಂದು ಮೇಲೆ ನೋಡಿದರೆ ಬೆಳಕಿಂಡಿಯ ತುಂಬ ಕೆಂಚು ಬೆಕ್ಕಿನ ಮುಖ.

ಹುಶ್ ಎಂದೆ. ಕೈಯಲ್ಲಿದ್ದ ಪೇಪರು ಬೀಸಿದೆ. ಅದು ನನ್ನನ್ನು ನೋಡುತ್ತಲೇ ಇರಲಿಲ್ಲ. ನನ್ನ ಕಾಲಿನ ಪಕ್ಕದಲ್ಲಿ ಮಲಗಿದ್ದ ಬಿಳಿಯದನ್ನು ನೋಡುತ್ತಿತ್ತು. ಹೆಂಡತಿಯನ್ನು ಕೂಗಿದೆ, ಅಕ್ಕನನ್ನು ಕೂಗಿದೆ. ಓಣಿಯಲ್ಲಿ ಕೊಡಗಳ ಸಪ್ಪಳ, ಹೆಂಗಸರ ಗದ್ದಲ, ಆಚೆ ಮನೆಯಲ್ಲಿ ಮಗ್ಗ. ನನ್ನ ದನಿ ಕಿಟಕಿ ದಾಟಿದ್ದೂ ಅನುಮಾನ. ಕೆಂಚು ಬೆಕ್ಕು ಮೊದಲು ಮುಂಗಾಲು ಇಳಿಬಿಟ್ಟಿತು, ಆಮೇಲೆ ಹೆಗಲು, ಆಮೇಲೆ ಇಡೀ ಮೈಯಾಗಿ ನನ್ನ ಹೊಟ್ಟೆಯ ಮೇಲೆ ಬಿತ್ತು.

ಮುಂದಿನದು ಎಷ್ಟು ಹೊತ್ತು ನಡೆಯಿತೋ ಹೇಳಲಾರೆ. ಎರಡೂ ನನ್ನ ಪ್ಲಾಸ್ಟರಿನ ಮೇಲೆಯೇ ಉರುಳಾಡಿದವು. ಬೆಕ್ಕುಗಳ ಬಾಯಿಂದ ಅಂಥ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಬಿಳಿಯದರ ಬೂದು ಕಿವಿ ಕೆಂಚಿನ ಬಾಯಲ್ಲಿ ಕಂಡಿತು. ನಾನು ಕೈ ಹಾಕಿದೆ. ಕಚ್ಚಿದ್ದು ಯಾವುದೋ ಇಂದಿಗೂ ತಿಳಿಯದು, ಹೆಬ್ಬೆರಳಿನ ಬುಡಕ್ಕೆ ಹಲ್ಲು ಆಳವಾಗಿ ಇಳಿಯಿತು. ತಲೆಯ ಹತ್ತಿರದ ತಂಬಿಗೆ ಎತ್ತಿ ನೀರೆಲ್ಲ ಅವುಗಳ ಮೇಲೆ ಸುರಿದೆ. ಬಿಟ್ಟವು. ಬಿಳಿಯದು ಮಂಚದ ಕೆಳಗೆ ಬಿದ್ದು ಮೂಲೆ ಸೇರಿತು. ಕೆಂಚು ಗೋಡೆಯ ಗೂಡಿಗೆ ಹಾರಿ ಅಕ್ಕನ ಚೀಲದ ಮೇಲೆ ಕುಳಿತಿತು.

ಆಮೇಲೆ ಏನೂ ಆಗಲಿಲ್ಲ, ಮತ್ತು ಅದೇ ಹೆಚ್ಚು ಕಷ್ಟವಾಯಿತು. ನೀರಿನ ಸರದಿ ಮುಗಿಯಲು ಅರ್ಧ ತಾಸಿಗಿಂತ ಹೆಚ್ಚೇ ಹಿಡಿಯಿತು. ಅಷ್ಟು ಹೊತ್ತೂ ನಾವು ಮೂವರು ಆ ಖೋಲಿಯಲ್ಲಿ ಇದ್ದೆವು. ಮಂಚದ ಕೆಳಗಿನದು ಹೊರಗೆ ಬರಲಾರದು. ಗೂಡಿನ ಮೇಲಿನದು ಒಂದೆರಡು ಸಲ ಬೆಳಕಿಂಡಿಯ ಕಡೆ ನೋಡಿ ಮೈ ಅಳೆದುಕೊಂಡಿತು. ಒಮ್ಮೆ ಹಾರಿಯೂ ಹಾರಿತು, ತೊಲೆಗೆ ಉಗುರು ತಾಗಿ ಮಣ್ಣು ಉದುರಿತು, ಕೆಳಗೆ ಬಿತ್ತು, ಮತ್ತೆ ಗೂಡು ಸೇರಿತು. ಅದಕ್ಕೂ ಈಗ ಹೊರಗೆ ಹೋಗಬೇಕಾಗಿತ್ತು. ಹಾಸಿಗೆಯೆಲ್ಲ ಒದ್ದೆ. ಕೈಯಿಂದ ರಕ್ತ ಇಳಿದು ಪ್ಲಾಸ್ಟರಿನ ಮೇಲೆ ಹನಿಯುತ್ತಿತ್ತು. ನಾನು ಕೂಗುವುದನ್ನು ನಿಲ್ಲಿಸಿದೆ. ಕೂಗಿದರೆ ಎರಡರಲ್ಲಿ ಒಂದು ಬೆದರೀತು ಎಂಬುದು ಒಂದು ಕಾರಣ. ಇನ್ನೊಂದು, ಯಾರೂ ಬರುವುದಿಲ್ಲ ಎಂದು ಮನಸ್ಸು ಒಪ್ಪಿಕೊಂಡಿತ್ತು. ವಯಸ್ಸಾದ ಗಂಡಸು, ಮಗಳನ್ನು ಮದುವೆ ಮಾಡಿ ಕೊಟ್ಟವನು, ಅಂದು ಸುಮ್ಮನೆ ಅತ್ತೆ.

ಚಿಲಕ ತೆಗೆದದ್ದು ಹೆಂಡತಿ. ಕೆಂಚು ಬೆಕ್ಕು ಅವಳ ಕಾಲ ಸಂದಿಯಲ್ಲಿ ಹೊರಗೆ ಓಡಿತು. ಅವಳು ಮೊದಲು ನನ್ನ ಕೈ ನೋಡಿದಳು, ತುಂಬಿದ ಕೊಡ ಅಲ್ಲೇ ಇಳಿಸಿದಳು. ಅವಳ ಹಿಂದೆ ಬಂದ ಅಕ್ಕ ನೆಲಕ್ಕೆ ಕುಳಿತು, ಮಂಚದ ಕೆಳಗೆ ಅರ್ಧ ಮೈ ತೂರಿಸಿ, ಬೆಕ್ಕನ್ನು ಎಳೆದು ತೆಗೆದಳು. ಕಿವಿಯ ತುದಿ ಹರಿದಿತ್ತು. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೋದಳು. ನನ್ನ ಕೈ ನೋಡಲಿಲ್ಲ. ನನಗೆ ಅದರಿಂದ ಬೇಸರವಾಯಿತು, ಬೆಕ್ಕಿಗಿಂತ ನಾನು ಕಡೆಯಾದೆನೇ ಎಂದು. ಡಾಕ್ಟರು ಮನೆಗೇ ಬಂದು ಗಾಯ ತೊಳೆದು ಸೂಜಿ ಮಾಡಿದರು.

ಅಂದು ಸಂಜೆ ಅಕ್ಕ ಖೋಲಿಗೆ ಬಂದು ಬುಟ್ಟಿ ಕೆಳಗಿಟ್ಟು, ಗೂಡಿನಿಂದ ಚೀಲ ಇಳಿಸಿ ಬಟ್ಟೆ ಮಡಚತೊಡಗಿದಳು. ನಾಳೆ ಮುಂಜಾನೆಯ ಬಸ್ಸಿಗೆ ಹೋಗುತ್ತೇನೆ ಎಂದಳು. ನಿನ್ನ ಕೈಗೆ ಹೀಗಾಗಿದ್ದು ನನ್ನಿಂದ ಎಂದಳು. ಅವಳ ಮುಖ ಗೋಡೆಯ ಕಡೆ ಇತ್ತು. ಈಗ ಕೇಳದಿದ್ದರೆ ಮುಗಿಯಿತು ಎನಿಸಿತು.

"ಎಲ್ಲಿಗೆ ಹೋಗತಿ?" ಎಂದೆ.

ಅವಳ ಕೈ ನಿಂತಿತು. ಮಡಚಿದ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದಳು:

"ಹೊಸಾ ಮನಿ ಕಟ್ಯಾರ, ತಮ್ಮಾ. ಚಂದ ಐತಿ. ದೊಡ್ಡ ಮಗಗ ಒಂದು ಖೋಲಿ, ಸಣ್ಣ ಮಗಗ ಒಂದು, ದೇವರಿಗೆ ಒಂದು. ನಾ ಎಲ್ಲಾ ನೋಡಿಕೋತ ಹಿತ್ತಲ ತನಕ ಹೋದೆ. ನನ್ನ ಟ್ರಂಕು ಎಲ್ಲಿಡ್ಲಿ ಅಂತ ಕೇಳಬೇಕಂದೆ. ಬಾಯಿ ಬರಲಿಲ್ಲ."

ಹೋಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಂತೆ. ಹಳೆಯ ಮನೆಯನ್ನು ಕೆಡವುವ ದಿನ ಗೊತ್ತಾಗಿತ್ತು, ಸಾಮಾನು ಸಾಗಿಸುತ್ತಿದ್ದರು. ಅವಳ ಟ್ರಂಕನ್ನು ಯಾರೋ ಕಟ್ಟಿಗೆ ಒಟ್ಟಿದ ಛಪ್ಪರದಲ್ಲಿ ಇಟ್ಟಿದ್ದರು. ನಾನು ಬಿದ್ದ ಸುದ್ದಿ ಬಂದದ್ದು ಆಗ. ತಮ್ಮನ ಆರೈಕೆಗೆ ಹೋಗುತ್ತೇನೆ ಎಂದಾಗ ಎಲ್ಲರೂ, ಹೋಗಿ ಬರ್ರಿ, ಅವಸರ ಮಾಡಬೇಡ್ರಿ ಎಂದರಂತೆ. ಮೈದುನನ ಸೊಸೆ ತಾನಾಗಿಯೇ ಬುಟ್ಟಿ ತಂದುಕೊಟ್ಟು, ಬೆಕ್ಕನ್ನೂ ಒಯ್ಯಿರಿ ಎಂದಳಂತೆ. ಅಕ್ಕ ಅಳಲಿಲ್ಲ. ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

ನಾನು ಇಲ್ಲೇ ಇರು ಎನ್ನಬೇಕಾಗಿತ್ತು. ಅಷ್ಟು ಸಣ್ಣ ಮಾತು. ನನ್ನ ಮನೆ, ನನ್ನ ಅಕ್ಕ. ನಾನು ಬಾಗಿಲ ಕಡೆ ನೋಡಿದೆ. ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಇದ್ದಳೋ. ಅವಳ ಮುಖದಲ್ಲಿ ಏನಿದೆ ಎಂದು ತಿಳಿಯುವ ತನಕ ನಾನು ಬಾಯಿ ತೆರೆಯಲಾರದೆ ಹೋದೆ. ಅಕ್ಕ ಅದನ್ನು ನೋಡಿದಳು. ನಾನು ಹೆಂಡತಿಯ ಮುಖ ನೋಡಿದ್ದನ್ನು ಅಕ್ಕ ನೋಡಿದಳು. ಇಷ್ಟು ವರ್ಷವಾದರೂ ನನಗೆ ಆ ಗಳಿಗೆ ಮರೆತಿಲ್ಲ.

ಹೆಂಡತಿ ಒಳಗೆ ಬಂದು ಚೀಲವನ್ನು ಎತ್ತಿ ಗೂಡಿನಲ್ಲಿ ಇಟ್ಟಳು.

"ಅಕ್ಕಾರ, ನಾಳೆ ಬಡಗ್ಯಾನ್ನ ಕರೀಬೇಕು," ಎಂದಳು. "ಬೆಳಕಿಂಡಿಗೆ ಜಾಳಗಿ ಬಡಸೋಣು. ಬಾಗಲಕ್ಕೂ ಒಳಗಿಂದ ಒಂದು ಚಿಲಕ ಆಗ್ಲಿ. ನಿಮಗ ಬೇಕಾದಾಗ ಹಾಕ್ಕೊಳ್ರಿ."

ಅಷ್ಟು ಹೇಳಿ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಮಗಳ ಹಳೆಯ ಲಂಗವನ್ನು ಅಕ್ಕನ ಕೈಯಲ್ಲಿ ಇಟ್ಟಳು. ಅದರ ತುಂಬ ಬೆಕ್ಕಿನ ಕೂದಲು. ಅಕ್ಕ ಅದನ್ನು ಮಡಚಿ ಮಂಚದ ಕೆಳಗೆ ಹಾಸಿದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಹಳೆಯ ಬೆಕ್ಕುಗಳ ನಡುವೆ ಹೊಸ ಬೆಕ್ಕನ್ನು ಸೇರಿಸಲು ಎಷ್ಟು ದಿನ ಬೇಕು ಎಂದು ಈಗ ಯಾರಾದರೂ ಕೇಳಿದರೆ ನಗು ಬರುತ್ತದೆ. ಲಂಗಕ್ಕೆ ಬಿಳಿಯದು ಎರಡು ದಿನ ಬುಸುಗುಟ್ಟಿ ಆಮೇಲೆ ಅದರ ಅಂಚಿನಲ್ಲಿ ಮಲಗಿತು. ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಅನ್ನ-ಹಾಲು ಇಡುವುದು ಶುರುವಾಯಿತು. ಒಳಗೆ ಅಕ್ಕ, ಹೊರಗೆ ಹೆಂಡತಿ. ಮೊದಲು ಬಟ್ಟಲುಗಳು ದೂರ ದೂರ, ದಿನಕ್ಕೆ ಒಂದು ಗೇಣು ಹತ್ತಿರ. ಬಾಗಿಲಾಚೆಯಿಂದ ಹೆಂಡತಿ, ನಮ್ಮದು ತಿನ್ನುತ್ತಿದೆ, ನಿಮ್ಮದು? ಎಂದು ಕೇಳುವಳು, ಅಕ್ಕ ಉತ್ತರ ಕೊಡುವಳು. ಅವರಿಬ್ಬರು ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡತೊಡಗಿದ್ದು ಹೀಗೆ. ಮಂಚದ ಮೇಲೆ ನಾನು ಸುಮ್ಮನೆ ಕೇಳುತ್ತಿದ್ದೆ.

ಒಂದು ತಿಂಗಳ ಮೇಲೆ ಬಾಗಿಲನ್ನು ನಾಲ್ಕು ಬೆರಳು ತೆರೆದು ನೋಡಿದರು. ಪಟ್ಟಿಯ ಹೆಣ್ಣುಬೆಕ್ಕು ಬಂದು, ಮೂಗಿಗೆ ಮೂಗು ತಾಗಿಸಿ, ಒಂದು ಪೆಟ್ಟು ಹಾಕಿ ಹೋಯಿತು. ಅದು ಅಷ್ಟಕ್ಕೇ ಮುಗಿಯಿತು, ಶ್ರಾವಣದ ಹೊತ್ತಿಗೆ ಎರಡೂ ಒಂದೇ ಗೋಡೆಗೆ ಒರಗಿ, ನಡುವೆ ಮೊಳ ಜಾಗ ಬಿಟ್ಟು ಮಲಗುತ್ತಿದ್ದವು. ಕೆಂಚು ಬೆಕ್ಕು ಮಾತ್ರ ಎಂದಿಗೂ ಒಪ್ಪಲಿಲ್ಲ. ಅದಕ್ಕಾಗಿ ಮನೆಯಲ್ಲಿ ಒಂದು ಪದ್ಧತಿ ಬಂತು. ಬೆಳಗ್ಗೆ ಕೆಂಚು ಒಳಗೆ, ಬಿಳಿಯದು ಖೋಲಿಯಲ್ಲಿ. ಮಧ್ಯಾಹ್ನ ಕೆಂಚು ಹೊರಗೆ, ಬಿಳಿಯದು ಪಡಸಾಲೆಗೆ. ಯಾರು ಯಾವ ಬಾಗಿಲು ತೆರೆದರೂ ಮೊದಲು "ಬಾಗಲಾ" ಎಂದು ಕೂಗಬೇಕು. ಬಂದ ಬೀಗರೂ ಕೂಗುವುದನ್ನು ಕಲಿತರು. ನಾವು ಹಾಗೆ ಬದುಕಿದ್ದು ಒಂದೆರಡು ದಿನವಲ್ಲ, ಮೂರು ವರ್ಷ.

ನನ್ನ ಪ್ಲಾಸ್ಟರ್ ತೆಗೆದದ್ದು ಹದಿಮೂರು ವಾರಕ್ಕೆ. ಕೋಲು ಹಿಡಿದು ಮೊದಲ ಸಲ ಓಣಿಯ ತುದಿಯ ತನಕ ಹೋದ ದಿನ, ಅಲ್ಲಿ ಚಹಾದ ಅಂಗಡಿಯ ಮುಂದೆ ನಿಂತು ಬರೇ ಗಾಳಿ ಕುಡಿದು ಬಂದೆ. ಕಚೇರಿಗೆ ಹೋಗತೊಡಗಿದೆ. ಖೋಲಿ ಅಕ್ಕನದಾಯಿತು. ನಾನು ಬಿಟ್ಟ ಮಂಚದಲ್ಲಿ ಅವಳು ಮಲಗತೊಡಗಿದಳು. ಬಿಡುಗಡೆಯಾದ ಸಂತೋಷದಲ್ಲಿ ನಾನು ಗಮನಿಸದೆ ಹೋದದ್ದು ಒಂದಿತ್ತು. ಅಕ್ಕ ಆ ಖೋಲಿಯಿಂದ ಹೊರಗೆ ಬರುವುದು ಕಡಿಮೆ. ಮದುವೆಗೆ ಕರೆದರೆ ಬೆಕ್ಕು ಒಂದೇ ಇರುತ್ತದೆ ಎನ್ನುವಳು. ಗದಗಿನ ಗುಡಿಗೆ ಹೋಗೋಣ ಎಂದರೆ ಅದೇ ಮಾತು. ಅಡುಗೆಮನೆಗೆ ಕಾಲಿಡುವ ಮೊದಲು ಬರಲೇ ಎಂದು ಕೇಳುವಳು. ಒಳಗಿನ ಚಿಲಕ ಬೆಕ್ಕಿಗಾಗಿ ಹಾಕಿಸಿದ್ದು. ಬೆಕ್ಕು ಪಡಸಾಲೆಯಲ್ಲಿ ಇದ್ದಾಗಲೂ ಎಷ್ಟೋ ಮಧ್ಯಾಹ್ನ ಅದು ಹಾಕಿಯೇ ಇರುತ್ತಿತ್ತು. ಇರು ಎಂಬ ಮಾತನ್ನು ಅವಳಿಗೆ ನಾನು ಹೇಳದೆ ಹೋದದ್ದನ್ನು ಆಗೆಲ್ಲ ನೆನೆಯುತ್ತಿದ್ದೆ. ಹೆಂಡತಿ ಬಡಗಿಯ ಮಾತಾಡಿ ಅದನ್ನು ಹೇಳಿದ್ದಳು. ತಮ್ಮನ ಬಾಯಿಂದ ಬರಲಿಲ್ಲ. ಆಮೇಲೆ ಎರಡು ಮೂರು ಸಲ ಹೇಳಲು ಹೋಗಿ, ಇಷ್ಟು ದಿನವಾದ ಮೇಲೆ ಹೇಳಿದರೆ ಏನೋ ಹೊಸದಾಗಿ ನಿರ್ಧಾರ ಮಾಡಿದ ಹಾಗೆ ಆಗುತ್ತದೆ ಎಂದು ಬಿಟ್ಟೆ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಕೆಂಚು ಬೆಕ್ಕು ಹೋದದ್ದು ತಿರುಗಿ ಬರಲಿಲ್ಲ. ಹೆಂಡತಿ ಓಣಿ ಓಣಿ ಹುಡುಕಿದಳು. ಅವಳ ಜೊತೆ ಅಕ್ಕನೂ ಹೋದಳು ಎಂದು ನನಗೆ ಹೇಳಿದ್ದು ಆಚೆ ಮನೆಯವರು. ಸೆರಗು ತಲೆಯ ಮೇಲೆ ಹೊದ್ದು, ಸುಡುಬಿಸಿಲಿನಲ್ಲಿ, ಹಳ್ಳದ ತನಕ ಇಬ್ಬರೂ ಕರೆಯುತ್ತಾ ಹೋಗಿದ್ದರಂತೆ.

ಅದಾಗಿ ಕೆಲವು ದಿನಕ್ಕೆ ಕಚೇರಿಯಿಂದ ಹೊತ್ತಿಗೆ ಮುಂಚೆ ಬಂದೆ. ರೂಢಿಯಂತೆ "ಬಾಗಲಾ" ಎಂದೆ, ಒಳಗೆ ಯಾರಿಗೂ ಕೇಳಿದ ಹಾಗೆ ಕಾಣಲಿಲ್ಲ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ ಅವರಿಬ್ಬರೂ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕುಳಿತಿದ್ದರು. ಖೋಲಿಯ ಬಾಗಿಲು ಅಗಲ ತೆರೆದಿತ್ತು. ಅಕ್ಕ ಕಾಲು ಚಾಚಿ ಗೋಡೆಗೆ ಒರಗಿದ್ದಳು. ನಮ್ಮ ಮನೆಯಲ್ಲಿ ಅವಳು ಕಾಲು ಚಾಚಿ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಏನೋ ಹೇಳುತ್ತಿದ್ದಳು, ಹೆಂಡತಿ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ನನ್ನನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು.

ಏನು ನಡೆದಿದೆ ಎಂದು ಕೇಳಿದೆ.

"ಏನಿಲ್ಲ ಬಿಡ್ರಿ," ಎಂದಳು ಹೆಂಡತಿ. "ಹೆಂಗಸರ ಮಾತು."

ಅಕ್ಕ ಕಾಲು ಮಡಚಲಿಲ್ಲ. ನಾನು ಚಪ್ಪಲಿ ಬಿಟ್ಟು, ಗೋಣಿಚೀಲ ತುಳಿಯದಂತೆ ಬದಿಯಿಂದ ದಾಟಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಹಿಂದಿನಿಂದ ಮತ್ತೆ ಅವರ ಮಾತು ಶುರುವಾದದ್ದು 
ಕೇಳಿಸಿತು.